ಮಾಮಾನ ಗರಗಸಕ್ಕೊಂದು ಬೆಣೆ

ನನ್ನ ಮಾಮಾ, ಎಂದರೆ ಅವ್ವನ ತಮ್ಮ, ಮೂಡಲಗಿಯಲ್ಲಿ ಬಡಿಗ. ಅವನ ಬಲಗೈಯ ತೋರುಬೆರಳು ಮೇಲಿನ ಗೆಣ್ಣಿಗೇ ಮುಗಿಯುತ್ತದೆ. ಆ ಮೊಂಡು ಬೆರಳಿನಿಂದ ಹಲಗೆ ಒತ್ತಿಹಿಡಿದು ಅವನು ಮಾಡಿಕೊಟ್ಟ ಮೇಜಿನ ಮೇಲೆಯೇ ನಾನು ವಿಶ್ವವಿದ್ಯಾಲಯದ ಓದು ಮುಗಿಸಿದೆ. ಇದನ್ನು ಬರೆಯುತ್ತಿರುವುದೂ ಅದೇ ಮೇಜಿನ ಮೇಲೆ. ಅವನು ಸ್ವಂತಕ್ಕೊಂದು ಟೇಬಲ್ ಗರಗಸ ಕೊಳ್ಳಲು ಗೋಕಾಕಕ್ಕೆ ಹೊರಟಾಗ, ಕರೆಯದಿದ್ದರೂ ನಾನು ಜೊತೆಗೂಡಿದೆ. ಉಳಿದ ಬೆರಳುಗಳ ಪರವಾಗಿ ಯಾರಾದರೂ ಮಾತಾಡಬೇಕಿತ್ತು.

ಆ ಬೆರಳು ಹೋದದ್ದು ಹುಕ್ಕೇರಿಯ ಒಂದು ಕಟ್ಟಿಗೆ ಅಡ್ಡೆಯಲ್ಲಿ. ಮಹಾನವಮಿಯ ಖಂಡೇಪೂಜೆಗೆ, ಎಂದರೆ ಆಯುಧಪೂಜೆಗೆ, ನಮ್ಮಲ್ಲಿ ಉಳಿಗೂ ಬಾಚಿಗೂ ವಿಭೂತಿ ಹಚ್ಚುತ್ತಾರೆ. ಗರಗಸದ ಹಲ್ಲಿನ ಚಕ್ರಕ್ಕೂ ಹಚ್ಚಬೇಕಲ್ಲ, ಅದರ ಮೇಲಿನ ಕಾಪಿನ ಮುಚ್ಚಳ ಅಡ್ಡ ಬರುತ್ತದೆ. ಬಿಚ್ಚುತ್ತಾರೆ. ಪೂಜೆ ಮುಗಿದ ಮೇಲೆ ಅದನ್ನು ತಿರುಗಿ ಕೂಡಿಸುವುದು ಯಾರ ಕೆಲಸವೂ ಅಲ್ಲ. ಅಡ್ಡೆಯ ಗೋಡೆಯ ಮೊಳೆಗೆ, ಒಣಗಿದ ಚೆಂಡುಹೂವಿನ ಮಾಲೆಯ ಜೊತೆ ಆ ಮುಚ್ಚಳ ತೂಗಾಡುತ್ತಿದ್ದುದನ್ನು ನಾನೇ ನೋಡಿದ್ದೇನೆ. ಅದನ್ನು ಬಿಚ್ಚಿಸಿದ ಮಾಲೀಕ ಹೇಳಿದ್ದು ಇಷ್ಟೇ: "ನೋಡ್ಕೊಂಡ್ ಮಾಡ್ಬೇಕಿತ್ತು." ತಪ್ಪೆಲ್ಲ ಬೆರಳಿನದಾಯಿತು. ಆ ಮಾತನ್ನು ನಾನು ಇಂದಿಗೂ ಒಪ್ಪಿಲ್ಲ.

ಗೋಕಾಕದ ಅಂಗಡಿಯಲ್ಲಿ ಎರಡು ಗರಗಸಗಳು ನಮ್ಮ ಮುಂದೆ ಬಂದವು. ಒಂದು ಹಗುರ, ಮೋಟರ್‌ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಯಮಕನಮರಡಿ, ದಡ್ಡಿಯಂಥ ಊರುಗಳಿಗೂ ಹೋಗಬಹುದು, ಮನೆ ಕಟ್ಟುವಲ್ಲಿ ಮಾಳಿಗೆಗೂ ಒಬ್ಬನೇ ಏರಿಸಬಹುದು. ಇನ್ನೊಂದು ಭಾರ, ಮಡಚುವ ಗಾಲಿಯ ಕಾಲುಗಳದು. ಸಾಗಿಸಲು ಟೆಂಪೊ ಬೇಕು. ಮಾಮಾನ ಕಣ್ಣು ಹಗುರದ್ದರ ಮೇಲೆಯೇ ಇತ್ತು. ನನ್ನ ಕಣ್ಣು ಬಿದ್ದದ್ದು ಮೂಲೆಯಲ್ಲಿ ಗುಡ್ಡೆಹಾಕಿದ್ದ ಹೊಸ ಮುಚ್ಚಳಗಳ ಮೇಲೆ.

"ಇವನ್ನ ಬಿಚ್ಚಿ ಇಡಾಕ ನಿಮಗ ಯಾರ್ ಹೇಳ್ಯಾರ್ರಿ?" ಎಂದೆ.

"ಗಿರಾಕಿಗಳಽ ಹೇಳ್ತಾರ್ರಿ ಅಕ್ಕಾರ. ಅಡ್ಡ ಬರತೈತಿ, ತಗೀರಿ ಅಂತಾರ," ಎಂದ ಅಂಗಡಿಯವನು.

"ನಾಳೆ ಯಾರದರ ಕೈ ಹೋದ್ರ ಜವಾಬ್ದಾರಿ ಯಾರ್ದು?"

ಅವನು ಮಾಮಾನ ಕಡೆ ತಿರುಗಿ, "ಕಾಕಾ, ಮಷೀನ್ ತಗೊಳ್ಳಾಕ ವಕೀಲರನ್ನ ಕರ್ಕೊಂಡ್ ಬಂದೀರೇನ್ರಿ?" ಎಂದ.

"ನಮ್ಮಕ್ಕನ ಮಗಳ್ರಿ," ಎಂದು ಮಾಮಾ ನಾಚಿದ. "ಸಾಲಿ ಭಾಳ ಕಲ್ತಾಳ. ಅದಕ್ಕ ಹಂಗ."

ಎರಡರ ನಡುವಿನ ನಿಜವಾದ ವ್ಯತ್ಯಾಸ ಮುಚ್ಚಳದ್ದಲ್ಲ, ಚಕ್ರದ ಹಿಂದೆ ನಿಲ್ಲುವ ಒಂದು ತೆಳು ಉಕ್ಕಿನ ಪಟ್ಟಿಯದೆಂದು ನಾನು ಓದಿಕೊಂಡು ಹೋಗಿದ್ದೆ. ಹಗುರದ್ದರಲ್ಲಿ ಮುಚ್ಚಳವೂ ಪಟ್ಟಿಯೂ ಒಂದೇ ತುಂಡು. ಚೌಕಟ್ಟಿಗೆ ತೋಡು ಕೊರೆಯಲೆಂದು ಮುಚ್ಚಳ ತೆಗೆದರೆ ಪಟ್ಟಿಯೂ ಹೋಗುತ್ತದೆ. ಭಾರದ್ದರಲ್ಲಿ ಮುಚ್ಚಳ ತೆಗೆದರೂ ಪಟ್ಟಿ ಉಳಿಯುತ್ತದೆ. ಇದನ್ನೆಲ್ಲ ವಿವರಿಸಿದೆ. ಮಾಮಾ ತಲೆಯಾಡಿಸುತ್ತಲೇ ಹಗುರದ್ದನ್ನು ಇನ್ನೊಮ್ಮೆ ಎತ್ತಿ ನೋಡಿದ.

ಆಮೇಲೆ ಚೀಲದಿಂದ ಟವಲಿನಲ್ಲಿ ಸುತ್ತಿದ್ದ ಜಾಲಿ ಕಟ್ಟಿಗೆಯ ತುಂಡು ತೆಗೆದ. ಜಾಲಿ ಹಠಮಾರಿ, ಸೀಳಿದಷ್ಟೂ ಸೀಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮುಚ್ಚಳ ಬಿಚ್ಚಿಟ್ಟಿದ್ದ ಹಗುರ ಗರಗಸಕ್ಕೆ ಅದನ್ನು ಒಡ್ಡಿದ. ಅರ್ಧ ದಾಟುವಷ್ಟರಲ್ಲಿ ಸೀಳು ಚಕ್ರವನ್ನು ಕಚ್ಚಿತು, ಮೋಟರು ನರಳಿತು, ತುಂಡು ಅವನತ್ತಲೇ ಒದ್ದುಬಂತು. ಪಕ್ಕಕ್ಕೆ ಸರಿದು ನಿಂತಿದ್ದರಿಂದ ಹೊಟ್ಟೆಗೆ ಬಡಿಯಲಿಲ್ಲ. ಅಂಗಡಿಯವನ ನಗೆ ನಿಂತಿತು.

ಅದೇ ತುಂಡನ್ನು ತಿರುಗಿಸಿ ಭಾರದ ಗರಗಸಕ್ಕೆ ಕೊಟ್ಟ. ಸೀಳು ಮುಚ್ಚಿಕೊಳ್ಳಲು ಬಂದು ಉಕ್ಕಿನ ಪಟ್ಟಿಗೆ ತಾಗಿ ಸುಮ್ಮನಾಯಿತು. ಕಟ್ಟಿಗೆ ಎರಡಾಗಿ ಬಿತ್ತು. ಮಾಮಾ ಗುಂಡಿ ಒತ್ತಿ ಮೋಟರು ನಿಲ್ಲಿಸಿ, ಚಕ್ರ ಪೂರಾ ನಿಂತ ಮೇಲೆ, ಮೊಂಡು ಬೆರಳಿನಿಂದ ಆ ಪಟ್ಟಿಯನ್ನು ಸವರಿದ.

"ಯವ್ವಾ, ಇದು ಬೆಣಿ ಅಲ್ಲೇನ! ಅಪ್ಪಾ ಹಾಕ್ತಿದ್ದ ಬೆಣಿ!"

ಅಜ್ಜನೂ ಅವನೂ ಎದುರುಬದುರಾಗಿ ಉದ್ದ ಗರಗಸ ಎಳೆಯುತ್ತಿದ್ದುದು ನನಗೂ ನೆನಪಿದೆ. ಗರಗಸ ಬಿಗಿಯಾದೊಡನೆ ಅಜ್ಜ ಸೀಳಿನಲ್ಲಿ ಮರದ ಬೆಣೆಯೊಂದನ್ನು ಬಡಿಯುತ್ತಿದ್ದ. ಮತ್ತೆ ಎಳೆತ ಹಗುರಾಗುತ್ತಿತ್ತು. ನಾನು ಓದಿ ತಂದ ಮಾತು ಮಾಮಾನ ಕೈಗೆ ಬಂದದ್ದು ಆ ಬೆಣೆಯ ದಾರಿಯಿಂದ.

"ಮೊದಲ ಬೆಣಿ ಅಂತ ಹೇಳಿದ್ರ ಇಷ್ಟೊತ್ತ್ ಆಗ್ತಿದ್ದಿಲ್ಲ," ಎಂದು ನನ್ನನ್ನೇ ಗದರಿದ. "ಇದನ್ನ ಕೊಡ್ರಿ. ಮುಚ್ಚಳಾನೂ ಹಾಕೇ ಕೊಡ್ರಿ. ಇಲ್ಲಂದ್ರ ಈಕಿ ಇಲ್ಲೇ ಧರಣಿ ಕುಂದರತಾಳ."

ಅಂಗಡಿಯವನು ಗುಡ್ಡೆಯಲ್ಲಿ ಹುಡುಕಿ, ಸರಿಯಾದ ಮುಚ್ಚಳವನ್ನು ಮಂಡಿಯೂರಿ ಕೂಡಿಸಿದ. ಅದನ್ನು ಬಿಚ್ಚಿ ಹಾಕುವ ಬಗೆಯನ್ನೂ ತೋರಿಸಿದ. ಅವನಿಗೂ ನಾನು ಕೃತಜ್ಞಳು. ಉಳಿದ ಗುಡ್ಡೆಯ ಬಗ್ಗೆ ಕೇಳುವುದನ್ನು ಮಾತ್ರ ಬಿಟ್ಟಿಲ್ಲ. ಗೋಕಾಕಕ್ಕೆ ಹೋದಾಗಲೆಲ್ಲ ಕೇಳುತ್ತೇನೆ.

ಆ ವರ್ಷದ ಖಂಡೇಪೂಜೆಗೆ ನಾನು ಮೂಡಲಗಿಯಲ್ಲಿದ್ದೆ. ಮಾಮಾನ ಹೆಂಡತಿ, ನಮ್ಮ ಅತ್ತಿ, ವಿಭೂತಿ ಹಿಡಿದು ಗರಗಸದ ಮುಂದೆ ನಿಂತಳು. "ಮುಚ್ಚಳ ತಗೀರಿ. ಹಲ್ಲಿಗೆ ವಿಭೂತಿ ಹಚ್ಚದ ಅದೆಂಥಾ ಪೂಜಿ?"

ಮಾಮಾ ತಾನೇ ವಿಭೂತಿ ತೆಗೆದುಕೊಂಡು, ಮುಚ್ಚಳದ ಮೇಲೆಯೇ ಮೂರು ಬೆರಳು ಎಳೆದ. ಕೆಳಗಿನ ಎರಡು ಪಟ್ಟೆ ಉದ್ದ. ಮೊಂಡು ಬೆರಳಿನದು ಮೇಲೆ ಗಿಡ್ಡಗೆ ಮೂಡಿತು. "ಕಾಯೋದು ಇದಽ. ಪೂಜಿನೂ ಇದಕ್ಕಽ ಸಲ್ಲಲಿ," ಎಂದ.

ಅತ್ತಿ ಗೊಣಗುತ್ತಲೇ ಮುಚ್ಚಳಕ್ಕೆ ಹೂ ಏರಿಸಿದಳು.