ಇಬ್ಬನಿಯ ಹುಳಿ

ಮುಂಜಾನೆ ಕಡಲೆ ಹೊಲದಲ್ಲಿ ಬರಿಗಾಲಲ್ಲಿ ನಡೆದವರಿಗೆ ಗೊತ್ತು, ಆ ಗಿಡದ ಮೇಲಿನ ಇಬ್ಬನಿ ಬರೀ ನೀರಲ್ಲ. ಹಿಮ್ಮಡಿಯ ಬಿರುಕಿಗೆ ಇಳಿದು ಚುರುಚುರು ಅನ್ನುತ್ತದೆ. ಪಂಚೆಯ ಅಂಚು ನಾಲ್ಕು ದಿನ ಅದರಲ್ಲಿ ತೊಯ್ದರೆ ಎಳೆ ಎಳೆಯಾಗಿ ಬಿಟ್ಟುಕೊಳ್ಳುತ್ತದೆ. ನಮ್ಮ ಹಿರಿಯರು ಅದನ್ನು ಬಟ್ಟೆಯಲ್ಲಿ ಹೀರಿಸಿ, ಹಿಂಡಿ, ಕಡಲೆ ಹುಳಿ ಎಂದು ಸೀಸೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಹೊಟ್ಟೆನೋವು ಅಂದವರಿಗೆ ಎರಡು ಹನಿ ನೀರಿಗೆ ಹಾಕಿ ಕುಡಿಸುತ್ತಿದ್ದರು. ಚಿಕ್ಕವನಿದ್ದಾಗ ನಾನೂ ಮುಖ ಕಿವುಚಿಕೊಂಡು ಕುಡಿದಿದ್ದೇನೆ. ಆದರೆ ಅದು ಏನೆಂದು ನನಗೆ ನಿಜವಾಗಿ ತಿಳಿದದ್ದು ವಿಜ್ಞಾನ ಓದಿ, ಮೇಷ್ಟರಾಗಿ, ಮೂರು ಬೆಳಗ್ಗೆ ಪಂಚೆ ಹಿಂಡಿ ಬೆಪ್ಪಾದ ಮೇಲೆ.

ಎರಡನೆಯ ಮಹಾಯುದ್ಧದ ವರ್ಷಗಳವು. ನಾನು ಮಧುಗಿರಿಯಲ್ಲಿ ಹೈಸ್ಕೂಲಿನ ಮಕ್ಕಳಿಗೆ ವಿಜ್ಞಾನ ಹೇಳುತ್ತಿದ್ದೆ. ಹಡಗಿನಲ್ಲಿ ಬರುತ್ತಿದ್ದ ಆಸಿಡ್ಡು ಬರುವುದು ನಿಂತು ಬಹಳ ದಿನವಾಗಿತ್ತು. ಬೀರುವಿನಲ್ಲಿ ಉಳಿದಿದ್ದವು ಖಾಲಿ ಸೀಸೆಗಳು ಮತ್ತು ಅವುಗಳ ಮೇಲಿನ ಚೀಟಿಗಳು. ‘ಇದರಲ್ಲಿ ಗಂಧಕಾಮ್ಲ ಇದೆ ಅಂದುಕೊಳ್ಳಿ’ ಎಂದು ನಾನು ಒಂದು ಸೀಸೆ ಎತ್ತಿ ತೋರಿಸುವುದು, ಮಕ್ಕಳು ಅಂದುಕೊಳ್ಳುವುದು, ಹೀಗೆ ಪಾಠ ಸಾಗಿತ್ತು.

ಒಂದು ದಿನ ಹೆಡ್‌ಮಾಸ್ಟರು ಕರೆಸಿದರು.

“ಏನ್ರೀ, ಪ್ರಯೋಗ ಒಂದೂ ಇಲ್ಲದ ವಿಜ್ಞಾನದ ತರಗತಿ ಯಾಕೆ ಬೇಕು ಅಂತ ಇಲಾಖೆಯವರು ಕೇಳಿದಾರೆ. ಬರೋ ಸೋಮವಾರ ಇನ್‌ಸ್ಪೆಕ್ಟರು ಖುದ್ದಾಗಿ ಬರ್ತಾರೆ. ಒಂದಾದರೂ ಮಾಡಿ ತೋರಿಸಿ. ಇಲ್ಲದಿದ್ರೆ ತರಗತಿ ಮುಚ್ಚಿ, ವಿಜ್ಞಾನ ಬೇಕಾದವರು ತುಮಕೂರಿಗೆ ಹೋಗಲಿ ಅಂತಾರೆ.”

ತರಗತಿಯಲ್ಲಿ ಇದ್ದವರು ಏಳು ಮಂದಿ. ಆರು ಜನ ಹುಡುಗರು ತುಮಕೂರಿನಲ್ಲಿ ಯಾವುದಾದರೂ ಹಾಸ್ಟೆಲು ಸೇರಿಕೊಳ್ಳುತ್ತಿದ್ದರು. ಏಳನೆಯವಳು ಹುಡುಗಿ. ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಶಿವಭಕ್ತರ ಮನೆಯವಳು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಡಾಕ್ಟರಮ್ಮ ಆಗುತ್ತೇನೆ ಎಂದು ಹಟ ಹಿಡಿದು ವಿಜ್ಞಾನ ತೆಗೆದುಕೊಂಡಿದ್ದಳು. ‘ಊರಲ್ಲೇ ಆದರೆ ಓದಲಿ, ಊರು ಬಿಟ್ಟು ಕಳಿಸೋದಿಲ್ಲ’ ಎಂದು ಅವಳ ತಂದೆ ನನ್ನೆದುರಿಗೇ ಹೇಳಿದ್ದರು. ತರಗತಿ ಮುಚ್ಚಿದರೆ ಅವಳ ಓದು ಅಲ್ಲಿಗೆ ಮುಗಿಯಿತು.

ನಾನು ಯೋಚಿಸಿದೆ. ಒಂದು ಪ್ರಯೋಗಕ್ಕೆ ಬೇಕಾದದ್ದು ಒಂದು ಆಮ್ಲ, ಒಂದು ಕ್ಷಾರ. ಕ್ಷಾರಕ್ಕೇನೂ ಬರವಿರಲಿಲ್ಲ. ನಮ್ಮ ಕಡೆ ನೆಲದ ಮೇಲೆ ಬೆಳ್ಳಗೆ ಉಕ್ಕುವ ಚೌಳುಮಣ್ಣನ್ನು ಮಡಿವಾಳರು ಗುಡಿಸಿ ತಂದು ಬಟ್ಟೆ ಒಗೆಯಲು ಇಟ್ಟುಕೊಳ್ಳುತ್ತಾರೆ. ಸಾಬೂನಿನ ಸೋಡಾ ಅದರಲ್ಲೇ ಇದೆ. ಆಮ್ಲಕ್ಕೆ ಏನು ಮಾಡುವುದು? ನಿಂಬೆಹಣ್ಣು ಆ ದಿನಗಳಲ್ಲಿ ಪೇಟೆಯಲ್ಲಿ ಸಿಗುತ್ತಿರಲಿಲ್ಲ, ಹುಣಸೆಹುಳಿ ರಾಡಿ. ಆಗ ಕಡಲೆ ಹುಳಿ ನೆನಪಾಯಿತು. ಮಾಗಿಯ ಕಾಲ. ನೀರು ಇಳಿದ ಕೆರೆಯ ಅಂಗಳದ ಎರೆಮಣ್ಣಿನಲ್ಲಿ ಕಡಲೆ ಹೂವಾಗಿತ್ತು.

ತರಗತಿಯಲ್ಲಿ ವಿಷಯ ಹೇಳಿದೆ. “ನಮ್ಮಜ್ಜಿದೇ ಹೊಲ ಸಾರ್, ನೀವು ಹೋಗಿ” ಅಂದಳು ಹುಡುಗಿ. ಅಜ್ಜಿಗೆ ಹೇಳುವುದನ್ನು ಮಾತ್ರ ಮರೆತಳು.

ಉಪಕರಣ ಶುದ್ಧವಾಗಿರಬೇಕು ಎಂದು ಪುಸ್ತಕದಲ್ಲಿ ಓದಿದ್ದವನು ನಾನು. ಮಡಿವಾಳರ ಮನೆಗೆ ಹೋಗಿ, ಚೌಳು ಹಾಕಿ ಉಬ್ಬೆಯಲ್ಲಿ ಬೇಯಿಸಿ ಒಗೆದ, ಕೊಕ್ಕರೆಯಂತೆ ಬೆಳ್ಳಗಿದ್ದ ಪಂಚೆ ಇಸಕೊಂಡು ಬಂದೆ. ಬೆಳಗಾಗುವ ಮುಂಚೆ ಗಿಡಗಳ ಮೇಲೆ ಹಾಸಿ, ತೊಯ್ದ ಮೇಲೆ ಹಿಂಡಿದೆ. ಒಂದು ಬಟ್ಟಲು ತುಂಬಿತು. ನಾಲಗೆಗೆ ಇಟ್ಟರೆ ಹುಳಿಯೇ ಇಲ್ಲ. ಅರಿಶಿನ ಬಳಿದು ಸುಣ್ಣದ ನೀರಿನಲ್ಲಿ ಕೆಂಪು ಮಾಡಿಕೊಂಡಿದ್ದ ಕಾಗದ ಅದ್ದಿದೆ. ಆಮ್ಲವಾಗಿದ್ದರೆ ಕೆಂಪು ಹೋಗಿ ಅರಿಶಿನ ತಿರುಗಿ ಬರಬೇಕು. ಕೆಂಪು ಕೆಂಪಾಗಿಯೇ ಉಳಿಯಿತು. ಗಾಳಿ ಹೆಚ್ಚಿತ್ತೇನೋ ಅಂದುಕೊಂಡೆ. ಎರಡನೆಯ ದಿನಕ್ಕೆ ಅದೇ ಮನೆಯಿಂದ ಇನ್ನೊಂದು ಪಂಚೆ, ಇನ್ನೂ ಬೆಳ್ಳಗಿನದು. ಆವತ್ತೂ ಸಪ್ಪೆ ನೀರು. ಮೂರನೆಯ ದಿನ ಶುಕ್ರವಾರ, ಅಲ್ಲಿಂದಲೇ ಮತ್ತೊಂದು ಪಂಚೆ. ನಾನು ಹಿಂಡುತ್ತಿರುವಾಗಲೇ ಬದುವಿನ ಮೇಲಿಂದ ದನಿ ಬಂತು.

“ಯಾರ್ಲಾ ಅದು, ನಮ್ಮ ಹೊಲದಾಗೆ ಬಟ್ಟೆ ಒಣಗಾಕಿರೋದು?”

ಅಜ್ಜಿ. ಕೈಯಲ್ಲಿ ಕೋಲು, ಹಿಂದೆ ಓಡಿಬರುತ್ತಿದ್ದ ಮೊಮ್ಮಗಳು.

“ಅಜ್ಜೀ, ನಮ್ಮ ಮೇಷ್ಟ್ರು ಕಣಜ್ಜಿ.”

“ಮೇಷ್ಟ್ರಾದ್ರೆ ಇಸ್ಕೂಲ್ನಾಗೆ ಇರ್ಬೇಕು. ಇಬ್ಬನೀಲಿ ಏನ್ ಮಾಡ್ತಾವ್ರೆ?”

ಎಲ್ಲವನ್ನೂ ಹೇಳಿದೆ, ಇನ್‌ಸ್ಪೆಕ್ಟರು ಬರುವುದು, ತರಗತಿ ಮುಚ್ಚುವುದು, ಮೊಮ್ಮಗಳ ಓದು. ಅಜ್ಜಿ ಕೋಲು ಕೆಳಗಿಟ್ಟು ನನ್ನ ಕೈಯಿಂದ ಪಂಚೆ ತೆಗೆದುಕೊಂಡು ಮೂಸಿ ನೋಡಿದರು. ಅವರ ಮೈ ಕುಲುಕುತ್ತಿದ್ದುದನ್ನು ನೋಡಿ ಅಳುತ್ತಿದ್ದಾರೇನೋ ಅಂದುಕೊಂಡೆ. ನಗುತ್ತಿದ್ದರು.

“ಅಗಸರ ಮನೇದಲ್ವಾ ಇದು?”

“ಹೌದಜ್ಜಿ. ಶುದ್ಧವಾಗಿರಲಿ ಅಂತ.”

“ಸುದ್ದ ಐತೆ ಬುಡಿ. ಹೊಟ್ಟೆ ತುಂಬ ಚೌಳು ಕುಡ್ಕಂಡು ಕುಂತೈತೆ. ಗಿಡ ಕೊಟ್ಟಿದ್ದ ಹುಳೀನೆಲ್ಲ ಇದೇ ನುಂಗಾಕ್ತು. ನಿಮ್ಗೆ ಉಳ್ದಿದ್ದು ತೊಳ್ದ ನೀರು ಕಣಪ್ಪ.”

ಆಮ್ಲವೂ ಕ್ಷಾರವೂ ಕೂಡಿದರೆ ಎರಡೂ ತಮ್ಮ ಗುಣ ಕಳೆದುಕೊಳ್ಳುತ್ತವೆ ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದವನು ನಾನು. ಆ ಪಾಠ ಮೂರು ಬೆಳಗ್ಗೆ ನನ್ನ ಕೈಯೊಳಗೇ ನಡೆದಿತ್ತು. ಹಿಂಡಿದವನಿಗೆ ತಿಳಿಯಲಿಲ್ಲ, ಮೂಸಿದವರಿಗೆ ತಿಳಿಯಿತು.

“ಹೋಗಮ್ಮಿ, ಅಟ್ಟದ ಮೇಲಿನ ಮಡಕೇಲಿ ನನ್ನ ಹುಳಿ ಬಟ್ಟೆ ಐತೆ, ತಗಂಬಾ” ಎಂದು ಅಜ್ಜಿ ಮೊಮ್ಮಗಳನ್ನು ಕಳಿಸಿದರು.

ಅವಳು ತಂದದ್ದು ಒಂದು ಹಳೆಯ ಸೀರೆಯ ತುಂಡು. ಹೊಗೆ ಹಿಡಿದಂತೆ ಕಂದು ಬಣ್ಣ, ಒಣಗಿ ಚರ್ಮದ ಹಾಗೆ ಸೆಟೆದಿತ್ತು, ಅಲ್ಲಲ್ಲಿ ತೂತು. ಅದಕ್ಕೆ ಸಾಬೂನು, ಚೌಳು, ಸೀಗೆ ಯಾವುದನ್ನೂ ಮುಟ್ಟಿಸಿರಲಿಲ್ಲವಂತೆ. ವರ್ಷವರ್ಷವೂ ಅದೇ ಬಟ್ಟೆ. ಸೂರ್ಯ ಇನ್ನೂ ಏಕಶಿಲೆಯ ಬೆಟ್ಟದ ಹಿಂದೆಯೇ ಇದ್ದ. ಅಜ್ಜಿ ಹೂವು ಉದುರದ ಹಾಗೆ, ಮಲಗಿದ ಕೂಸಿಗೆ ಹೊದಿಸುವ ಹಾಗೆ ಅದನ್ನು ಗಿಡಗಳ ಮೇಲೆ ಹಾಸಿ, ಅಂಗೈಯಲ್ಲಿ ಮೆಲ್ಲಗೆ ಒತ್ತಿದರು. ಒಂದು ಸಾಲು ಮುಗಿಸಿ ಹಿಂಡಿದಾಗ ಬಟ್ಟಲಿಗೆ ಬಿದ್ದದ್ದು ಕಾಲು ಬಟ್ಟಲು ಕಂದು ನೀರು, ಅಷ್ಟೆ.

ನನ್ನ ಕೆಂಪು ಕಾಗದದ ಮೇಲೆ ಒಂದು ಹನಿ ಬಿಟ್ಟೆ. ಹನಿ ಬಿದ್ದಲ್ಲಿ ಕೆಂಪು ಸರಿದು, ನಡುವೆ ಚಿನ್ನದ ಕಾಸಿನ ಹಾಗೆ ಅರಿಶಿನ ಮೂಡಿತು.

ಅಜ್ಜಿ ಬಗ್ಗಿ ನೋಡಿದರು. “ತವರಿಗೆ ಬಂತು ನೋಡಿ. ಅರಿಸ್ನಕ್ಕೆ ಸುಣ್ಣ ಗಂಡನ ಮನೆ, ಹುಳಿ ತವರುಮನೆ.”

ಕ್ಷಾರಸೂಚಕದ ಬಗ್ಗೆ ಇದಕ್ಕಿಂತ ಚೆನ್ನಾದ ಮಾತನ್ನು ನಾನು ಈವರೆಗೆ ಯಾವ ಪುಸ್ತಕದಲ್ಲೂ ಓದಿಲ್ಲ.

ಶನಿವಾರ, ಭಾನುವಾರ, ಸೋಮವಾರದ ಮುಂಜಾನೆ ಮೂವರೂ ಹೊಲದಲ್ಲಿದ್ದೆವು. ಸಾಲದ್ದಕ್ಕೆ ಅಜ್ಜಿ ಹೋದ ವರ್ಷದ ಸೀಸೆಯನ್ನೂ ತಂದುಕೊಟ್ಟರು. “ಈ ವರ್ಸ ಯಾರ್ಗೂ ಹೊಟ್ಟೆನೋವು ಬರಬಾರ್ದು ಅಂತ ಹೇಳ್ಬುಡಿ” ಅಂದರು.

ಇನ್‌ಸ್ಪೆಕ್ಟರು ಕೋಟು, ಜರಿಪೇಟ, ಹೆಚ್ಚು ಮಾತಿಲ್ಲದ ಮನುಷ್ಯ. ಮೇಜಿನ ಮೇಲೆ ಒಂದು ಕೊಕ್ಕಿನ ಗಿಂಡಿ, ಒಂದು ಹೆಂಟೆ ಚೌಳುಮಣ್ಣು, ಒಂದು ಸೀಸೆ, ಅಗಲವಾದ ಬೋಗುಣಿಯೊಳಗೆ ಹಚ್ಚಿಟ್ಟ ಹಣತೆ. ನೋಡಿ ಹುಬ್ಬೇರಿಸಿದರು. “ಪೂಜೆಯೇನ್ರೀ?”

ಹೆಡ್‌ಮಾಸ್ಟರು ನನ್ನ ಮುಖ ನೋಡಿದರು. ನಾನು ಹುಡುಗಿಯನ್ನು ಮುಂದೆ ಕರೆದೆ.

ಅವಳು ಗಿಂಡಿಗೆ ಚೌಳು ಹಾಕಿ, ಸೀಸೆ ಬಗ್ಗಿಸಿದಳು. ಬುಸ್ಸೆಂದು ನೊರೆ ಎದ್ದಿತು. ನೊರೆ ಇಳಿಯುವ ತನಕ ಕಾದು, ಗಿಂಡಿಯನ್ನು ಹಣತೆಯ ಮೇಲೆ ತಂದು ಮೆಲ್ಲಗೆ ವಾಲಿಸಿದಳು. ಒಳಗಿನ ನೀರು ಕೊಕ್ಕಿನ ತನಕ ಬರಲಿಲ್ಲ. ಕೊಕ್ಕಿನಿಂದ ಕಣ್ಣಿಗೆ ಕಾಣುವಂಥದ್ದು ಏನೂ ಬೀಳಲಿಲ್ಲ. ಒಂದು ಗಳಿಗೆ ಕಳೆಯಿತು. ಹಣತೆ ಉರಿಯುತ್ತಲೇ ಇತ್ತು. ಇನ್ನೊಂದಿಷ್ಟು ವಾಲಿಸಿದಳು. ಕುಡಿ ಒಂದು ಸಲ ಪಕ್ಕಕ್ಕೆ ವಾಲಿತು, ಬತ್ತಿಯಿಂದ ಮೇಲಕ್ಕೆ ಹಾರಿ, ಆರಿಹೋಯಿತು. ಯಾರೂ ಊದಿರಲಿಲ್ಲ, ಯಾರೂ ಮುಟ್ಟಿರಲಿಲ್ಲ. ಬತ್ತಿಯ ಹೊಗೆಯೊಂದೇ ನೆಟ್ಟಗೆ ಏಳುತ್ತಿತ್ತು. ಬರಿಗಣ್ಣಿಗೆ ಕಾಣದ ಒಂದು ವಸ್ತುವನ್ನು ನೀರು ಹುಯ್ದ ಹಾಗೆ ಹುಯ್ಯಬಹುದು ಎಂದು ನಾನು ಎಷ್ಟೋ ಸಲ ಹೇಳಿದ್ದೆ. ಹುಯ್ದದ್ದನ್ನು ಕಂಡದ್ದು ಆವತ್ತೇ.

“ಇದರಿಂದ ಏನು ತಿಳೀತಮ್ಮ?” ಇನ್‌ಸ್ಪೆಕ್ಟರು ಕೇಳಿದರು.

“ಬೆಂಕಿಗೂ ಉಸಿರು ಬೇಕು ಸಾರ್. ಹುಳಿ ಚೌಳು ಕೂಡಿ ಎದ್ದ ಈ ಇಂಗಾಲಾಮ್ಲ ಅನಿಲ ಗಾಳಿಗಿಂತ ಭಾರ, ಮೇಲೆ ಬಿದ್ದು ಉಸಿರು ಕಟ್ಟಿಸ್ತದೆ. ಸೀಮೆಎಣ್ಣೆ ಬುಡ್ಡಿ ಉರುಳಿದ್ರೂ ಹಂಗೇ. ನೀರು ಹಾಕಬಾರದು, ಎಣ್ಣೆ ನೀರಿನ ಮೇಲೆ ತೇಲಿ ಬೆಂಕಿ ಮನೆಯೆಲ್ಲ ಓಡಾಡ್ತದೆ. ಮರಳು ಸುರೀಬೇಕು, ಇಲ್ಲ ನೆನೆದ ಗೋಣಿ ಮುಚ್ಚಬೇಕು.”

ಅವರು ಸೀಸೆ ಎತ್ತಿ ಬೆಳಕಿಗೆ ಹಿಡಿದರು. “ಈ ಕಾಲದಲ್ಲಿ ನಿಮಗೆ ಆಸಿಡ್ಡು ಎಲ್ಲಿ ಸಿಕ್ಕಿತು? ಯಾವ ಕಂಪನಿಯದು?”

“ಇಬ್ಬನಿ ಸಾರ್” ಅಂದಳು ಹುಡುಗಿ.

ಅವರಿಗೆ ಅರ್ಥವಾಗಲಿಲ್ಲ. ನಾನು ವಿವರಿಸಿದೆ, ಕೆರೆ ಅಂಗಳ, ಕಡಲೆ ಗಿಡ, ಅಜ್ಜಿಯ ಬಟ್ಟೆ, ನನ್ನ ಬಿಳಿ ಪಂಚೆಯ ಕಥೆಯನ್ನೂ ಮುಚ್ಚಿಡದೆ. ಅವರು ಬೆರಳ ತುದಿಗೆ ಒಂದು ಹನಿ ತೆಗೆದುಕೊಂಡು ನಾಲಗೆಗೆ ಮುಟ್ಟಿಸಿದರು. ಎರಡೂ ಕಣ್ಣು ಮುಚ್ಚಿಹೋದವು. ತೆರೆದಾಗ ಮುಖದಲ್ಲಿ ಸಾಹೇಬರಿರಲಿಲ್ಲ. ಯಾವುದೋ ಹೊಲದ ಬದುವಿನಲ್ಲಿ ಎಂದೋ ನಿಂತಿದ್ದ ಒಬ್ಬ ಹುಡುಗ ಇದ್ದ.

“ನಮ್ಮಮ್ಮ ಕುಡಿಸೋರು” ಎಂದಷ್ಟೇ ಹೇಳಿ, ಭೇಟಿಯ ಪುಸ್ತಕ ತರಿಸಿಕೊಂಡು, ತರಗತಿ ಮುಂದುವರಿಯಲಿ ಎಂದು ಬರೆದು ರುಜು ಹಾಕಿದರು.

ಸಂಜೆ ಸುದ್ದಿ ಹೇಳಲು ಹೋದಾಗ ಅಜ್ಜಿ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಅಂಗಡಿಯಿಂದ ಬಂದ ಮಗ ಪಕ್ಕದಲ್ಲಿ ನಿಂತು ಕೇಳಿಸಿಕೊಂಡು, ಮಗಳ ಪುಸ್ತಕದ ಚೀಲವನ್ನು ನೆಲದಿಂದ ಎತ್ತಿ ಗೂಟಕ್ಕೆ ತಗುಲಿಹಾಕಿದರು.

“ಇಬ್ಬನಿ ನೋಡಾಕೆ ಅಷ್ಟು ದೂರದಿಂದ ಬಂದಿದ್ರಾ?” ಅಜ್ಜಿ ಕೇಳಿದರು. “ನಾಳೆ ನಸುಕಿಗೆ ಬರೋಕೆ ಹೇಳಿ ಬುಡಿ. ಇನ್ನೂ ಎರಡು ಸಾಲು ಐತೆ.”

ಮಾರನೆಯ ನಸುಕಿಗೆ ಹೋದವನು ನಾನೊಬ್ಬನೇ. ಕೈಯಲ್ಲಿ ಬಟ್ಟೆ ಇರಲಿಲ್ಲ, ಬಟ್ಟಲಿರಲಿಲ್ಲ. ಒಂದೊಂದು ಎಲೆಯ ರೋಮದ ತುದಿಯಲ್ಲೂ ಒಂದೊಂದು ಹನಿ ನಿಂತಿತ್ತು. ಹಡಗಿಗೆ ಕಾದು ಕುಳಿತಿದ್ದ ವರ್ಷಗಳಲ್ಲೆಲ್ಲ ಮಾಗಿಯ ಪ್ರತಿ ಬೆಳಗ್ಗೆ ಇಷ್ಟೊಂದು ಆಮ್ಲ ನನ್ನೂರಿನ ಹೊಲದಲ್ಲಿ ಸಿದ್ಧವಾಗಿ, ಬಿಸಿಲೇರುವಷ್ಟರಲ್ಲಿ ಒಣಗಿ ಹೋಗುತ್ತಿತ್ತು. ಚಪ್ಪಲಿ ಬದುವಿನ ಮೇಲೆ ಬಿಟ್ಟು, ಗಿಡದ ಸಾಲಿನೊಳಗೆ ಇಳಿದೆ. ಹಿಮ್ಮಡಿ ಚುರ್ ಅಂದಿತು.