ಮೂರನೆಯ ಕೂಗು

ಶರಣಪ್ಪ ಕಾಕಾ ಬೈಬಲ್ ಓದುವಾಗ ಅದರಲ್ಲಿ ಬರುವವರನ್ನೆಲ್ಲ ಕೋರ್ಟಿಗೆ ಕರೆಯುತ್ತಿದ್ದರು. ಕಲಬುರಗಿಯ ಕೋರ್ಟಿನಲ್ಲಿ ಕಕ್ಷಿದಾರರ ಹೆಸರು ಕೂಗುವ ಜವಾನರಾಗಿ ನಿವೃತ್ತರಾದವರು. ಜೇವರ್ಗಿ ಕಾಲೋನಿಯಲ್ಲಿ ನಮ್ಮ ಪಕ್ಕದ ಮನೆಯವರು. ಮೂರು ಸಲ ಕೂಗಬೇಕು, ಆಗಲೂ ಬಾರದಿದ್ದರೆ ಗೈರುಹಾಜರು. ಆ ಪದ್ಧತಿ ಅವರ ಗಂಟಲಿಗೆ ಅಂಟಿಬಿಟ್ಟಿತ್ತು. ಭಾನುವಾರ ನಾನು ಚರ್ಚಿನಿಂದ ಬರುವಷ್ಟರಲ್ಲಿ ನಮ್ಮ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ನನ್ನ ಕೈಯ ಬೈಬಲ್ ಅವರ ಕೈಗೆ ಹೋಗುತ್ತಿತ್ತು.

"ಯೋನ ಹಾಜರ್ ಅದಾನೇನು? ಮೀನಿನ ಹೊಟ್ಟ್ಯಾಗ ಮೂರು ದಿನ ಇದ್ದನಂತ. ಸಾಕ್ಷಿ ಯಾರು?"

"ನಂಬದಿದ್ರ ಯಾಕ ಓದ್ತೀರಿ ಕಾಕಾ?" ಎಂದು ರೇಗಿಸುತ್ತಿದ್ದೆ.

"ಮೀನು ನಂಬಂಗಿಲ್ಲ ಯವ್ವಾ. ಖರೇ ಆ ಮನುಷ್ಯಾನ ಸಿಟ್ಟು ನಂಬ್ತೇನಿ. ಹಾಳಾಗಬೇಕಿದ್ದ ಊರನ್ನ ದೇವರು ಉಳಿಸಿದನಂತ ಸಿಟ್ಟಾದನಲ್ಲ, ಅಂಥವ್ರನ್ನ ಕೋರ್ಟಿನ್ಯಾಗ ದಿನಾ ನೋಡೀನಿ."

ಚಿಕ್ಕಂದಿನಿಂದ ಕೇಳಿದ ಕಥೆ. ಆ ಸಿಟ್ಟನ್ನು ಮಾತ್ರ ನಾನು ಗಮನಿಸಿಯೇ ಇರಲಿಲ್ಲ.

ಅವರು ತಡವರಿಸಿದ್ದು ಒಂದೇ ಕಥೆಯಲ್ಲಿ. ಮನೆ ಬಿಟ್ಟು ಹೋದ ಕಿರಿಯ ಮಗ ಮರಳಿ ಬರುತ್ತಾನೆ, ಅಪ್ಪ ಔತಣ ಮಾಡಿಸುತ್ತಾನೆ, ಮನೆಯಲ್ಲೇ ದುಡಿದ ಹಿರಿಯ ಮಗ ಮುನಿಸಿಕೊಂಡು ಹೊರಗೇ ನಿಲ್ಲುತ್ತಾನೆ. ಕಾಕಾ ಪುಟ ಮುಂದಕ್ಕೆ ತಿರುವಿದರು, ಹಿಂದಕ್ಕೆ ತಿರುವಿದರು.

"ಒಳಗ ಹೋದನೋ ಇಲ್ಲೋ? ಬರದೇ ಇಲ್ಲಲ್ಲ."

"ಅಷ್ಟಕ್ಕೇ ಮುಗೀತದರಿ."

"ಹಿಂಗ ಅರ್ಧಕ್ಕ ಬಿಡ್ತಾರೇನು?"

ಅವರಿಗೆ ಅದು ಯಾಕೆ ಚುಚ್ಚಿತೆಂದು ನನಗೆ ಗೊತ್ತಿತ್ತು. ಕಮಲಾಪುರದಲ್ಲಿ ಹಾಸಿಗೆ ಹಿಡಿದ ತಾಯಿಯ ಆರೈಕೆ ಮಾಡಿದವರು ಕಾಕಾ. ಎಲ್ಲೋ ಹೋಗಿದ್ದ ತಮ್ಮ ಮಲ್ಲಪ್ಪ ಕೊನೆಗಾಲಕ್ಕೆ ಬಂದಾಗ ಆಕೆ ಅವನನ್ನೇ ಅಪ್ಪಿಕೊಂಡು ಅತ್ತಳಂತೆ. ತಾಯಿ ಹೋದ ಮೇಲೆ ಕಾಕಾ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಮುಂದಿನ ಭಾನುವಾರ ಪುಸ್ತಕ ಕೇಳಲಿಲ್ಲ. "ನಡಿ ಯವ್ವಾ, ಕಮಲಾಪುರಕ್ಕ ಹೋಗಿ ಬರೂಣು" ಎಂದರು. ತಮ್ಮನಿದ್ದ ಆ ಹಳೆಯ ಮನೆಯ ಮುಂದೆ ನಿಂತವರು ಬಾಗಿಲು ಬಡಿಯದೆ ಕೋರ್ಟಿನ ದನಿಯಲ್ಲಿ ಕೂಗಿದರು, "ಮಲ್ಲಪ್ಪಾ." ಎರಡನೆಯ ಸಲವೂ ಕೂಗಿದರು. ಮೂರನೆಯ ಕೂಗಿಗೆ ಬಾಗಿಲು ತೆರೆಯಿತು.

"ಮೊದಲನೇ ಸಲಕ್ಕೇ ಕೇಳಿಸ್ತು ಅಣ್ಣಾ," ಎಂದ ಮಲ್ಲಪ್ಪ. "ಖರೇ, ನೀನೇ ಅಂತ ನಂಬಿಕಿ ಬರಲಿಲ್ಲ."

ಕಾಕಾ ಚಪ್ಪಲಿ ಬಿಟ್ಟು ಒಳಗೆ ಹೋದರು. ಮರಳುವಾಗ ಬಸ್ಸಿನಲ್ಲಿ ತಮ್ಮ ಕೊಟ್ಟ ಕೆಂಪು ಬಾಳೆಹಣ್ಣು ಸುಲಿಯುತ್ತ ನನಗೆ ತಾಕೀತು ಮಾಡಿದರು: "ದೇವರನ್ನ ಇನ್ನೂ ನಂಬಂಗಿಲ್ಲ, ತಿಳೀತೇನು?"

ಕಾಕಾ ತೀರಿಕೊಂಡ ಮೇಲೂ ಮಲ್ಲಪ್ಪ ನಮ್ಮ ಮನೆಗೆ ಆ ಹಣ್ಣು ತಂದುಕೊಡುತ್ತಾನೆ. ಭಾನುವಾರ ಬೈಬಲ್ ನನ್ನ ಕೈಯಲ್ಲೇ ಉಳಿಯುತ್ತದೆ. ಸಾಕ್ಷಿ ಕೇಳುವವರಿಲ್ಲದೆ ಓದು ಸಪ್ಪೆ. ಅವರಿರಬೇಕಿತ್ತು ಎಂದು ಜೀವ ಹಂಬಲಿಸುತ್ತದೆ. ಮೊನ್ನೆ ಕಟ್ಟೆಯ ಮೇಲೆ ಒಬ್ಬಳೇ ಕೂತು ಮೆಲ್ಲಗೆ ಕೂಗಿದೆ, "ಶರಣಪ್ಪ ಕಾಕಾ." ಇನ್ನೊಂದು ಸಲ ಕೂಗಿದೆ.

ಮೂರನೆಯ ಸಲ ಕೂಗಲಿಲ್ಲ.