ಕೊಡ ಹೊತ್ತು ಅಳೆದ ದಿಬ್ಬ

ಕಟಕೋಳದಲ್ಲಿ ಹೆಣ್ಣು ಕೊಡುವ ಮಾತು ಎದ್ದರೆ ಗಂಡಸರು ಗಂಡಿನ ಹೊಲ, ಎತ್ತು ನೋಡಿ ಬರುತ್ತಿದ್ದರು. ಮನೆ ಎಷ್ಟು ಎತ್ತರದಲ್ಲಿದೆ ಎಂದು ನೋಡಲು ಮಾತ್ರ ರಾಯವ್ವನೇ ಹೋಗಬೇಕು. ಹೋದವಳು ಚಹಾ ಮುಟ್ಟುವ ಮೊದಲೇ ಒಂದು ಕೊಡ ಕೇಳುತ್ತಿದ್ದಳು. ಕೆಳಗಿನ ಬಾವಿಯಲ್ಲಿ ತುಂಬಿಕೊಂಡು, ತಲೆಗೆ ಸಿಂಬಿ ಇಟ್ಟು, ಅದರ ಮೇಲೆ ಕೊಡ ಹೊತ್ತು ಬೀಗರ ಹೊಸ್ತಿಲವರೆಗೆ ಏರಬೇಕು. ಮಾತೇನಿದ್ದರೂ ಆಮೇಲೆ.

ಕೊಡ ಹೊತ್ತು ಹರಟೆ ಹೊಡೆಯುತ್ತಲೇ ಏರಿದರೆ ಅದು ದಿಬ್ಬ. ಮಾತು ನಡುನಡುವೆ ತುಂಡಾದರೆ ದಿನ್ನಿ. ಎತ್ತರವಿಲ್ಲದಿದ್ದರೂ ಕಲ್ಲು ಕಾಲಿಗೆ ಕಚ್ಚಿ ನೀರು ತುಳುಕಿದರೆ ಮಡ್ಡಿ. ಒಂದು ಕೈ ತಾನಾಗಿ ಮೊಣಕಾಲಿಗೆ ಹೋಯಿತೋ, ಅದು ಗುಡ್ಡ. ಅದಕ್ಕೂ ಮೇಲೆ ಕೋಡುಗಲ್ಲು. ಅಲ್ಲಿಗೆ ಆಡು ಕೊಡಬಹುದು, ಹೆಣ್ಣು ಕೊಡುವ ಹಾಗಿಲ್ಲ.

ಇದನ್ನೆಲ್ಲ ಅವಳಿಗೆ ಯಾರೂ ಕಲಿಸಿರಲಿಲ್ಲ. ಅವಳ ಲಗ್ನದ ಕಾಲಕ್ಕೆ ಹಿರಿಯರು ಸವದತ್ತಿ ಕಡೆಯ ಗಂಡಿನ ಮನೆಗೆ ಮನೆಯ ಹಿಂಬದಿಯ ದಾರಿಯಿಂದ ಚಕ್ಕಡಿಯಲ್ಲಿ ಹೋಗಿ, ಅವಲಕ್ಕಿ ತಿಂದು, ದಿಬ್ಬದ ಮೇಲಿನ ಮನೆ, ಗಾಳಿ ಬಹಳ ಚೆನ್ನ ಎಂದು ಹೇಳಿ ಬಂದಿದ್ದರು. ಬಾವಿ ಎಲ್ಲಿದೆ ಎಂದು ಒಬ್ಬನೂ ಕೇಳಿರಲಿಲ್ಲ. ಆ ಚೆನ್ನಾದ ಗಾಳಿಯಲ್ಲಿ ರಾಯವ್ವ ಇಪ್ಪತ್ತೆರಡು ವರ್ಷ ನೀರು ಹೊತ್ತು, ಆಮೇಲೆ ತವರಾದ ಕಟಕೋಳಕ್ಕೆ ಮರಳಿದಳು.

ನವಿಲುತೀರ್ಥದ ಅಣೆಕಟ್ಟಿನಲ್ಲಿ ನೀರು ನಿಂತು ಮೂರು ವರ್ಷವಾಗಿತ್ತು. ಆಗ ಅವಳ ಮೊಮ್ಮಗಳು ಪದ್ಮವ್ವನಿಗೆ ಅಲ್ಲಿಂದ ಒಂದು ಸಂಬಂಧ ಬಂತು. ಗಂಡು ಸೋಮಪ್ಪ ಕಾಲುವೆಯ ಗೇಟು ಏರಿಸಿ ಇಳಿಸುವ ನೌಕರ. ಊರು ಮುಳುಗಿದ ಮೇಲೆ ಅವನ ತಾಯಿ ಕೃಷ್ಣವ್ವ ಎತ್ತರದಲ್ಲಿ ಮನೆ ಕಟ್ಟಿಕೊಂಡಿದ್ದಳು. ಹೆಣ್ಣು ನೋಡಲು ಬಂದ ಹುಡುಗ ಪದ್ಮವ್ವನ ಮನಸ್ಸಿಗೆ ಬಂದಿದ್ದ. ಆದರೆ ಎತ್ತರದ ಮನೆಗಳೆಂದು ಅಜ್ಜಿ ಆಗಲೇ ಎರಡು ಸಂಬಂಧ ಬಿಡಿಸಿದ್ದಳು.

ಹೊರಡುವ ದಿನ ಪದ್ಮವ್ವ ಅಜ್ಜಿಯ ಸೆರಗು ಸರಿಮಾಡುತ್ತ ಮೆಲ್ಲಗೆ ಅಂದಳು, "ಆಯಿ, ಈ ಸಲ ಏರೂವಾಗ ಉಸರು ಸ್ವಲ್ಪ ನೋಡಿಕೊಂಡು ಬಿಡು."

ಪದ್ಮವ್ವನ ಅಪ್ಪ, ತನ್ನ ಮಗ ನೀಲಪ್ಪನ ಜೊತೆ ರಾಯವ್ವ ಬಸ್ಸಿಳಿದಾಗ ಕೃಷ್ಣವ್ವ ಕೆಳಗೇ ಬಂದು ನಿಂತಿದ್ದಳು. ಮನೆ ಇಲ್ಲೇ ದಿಬ್ಬದ ಮೇಲೆ, ನಾಲ್ಕು ಹೆಜ್ಜೆ ಎಂದಳು. ರಾಯವ್ವ ಕೊಡ ಹೊತ್ತು ಹೊರಟಳು. ಅರ್ಧ ದಾರಿಯ ಬೇವಿನ ಗಿಡದ ಹತ್ತಿರ ಅವಳ ಕೈ ಮೊಣಕಾಲಿಗೆ ಹೋಯಿತು.

ಗುಡ್ಡ ಎನ್ನಲು ಬಾಯಿ ತೆರೆದಳು. ಆದರೆ ಹೋದ ತಿಂಗಳಿಂದ ಸ್ವಂತ ಮನೆಯ ಕಟ್ಟೆ ಏರುವಾಗಲೂ ಕೈ ಅಲ್ಲಿಗೇ ಹೋಗುತ್ತಿದ್ದುದು ನೆನಪಾಯಿತು. ಇಲ್ಲಿ ಎತ್ತರ ಇರುವುದು ನೆಲಕ್ಕೋ, ವಯಸ್ಸಿಗೋ? ಸುಳ್ಳೇ ಗುಡ್ಡವೆಂದರೆ ಮೊಮ್ಮಗಳ ಮನಸ್ಸು ಮುರಿಯುತ್ತದೆ. ಸುಳ್ಳೇ ದಿಬ್ಬವೆಂದರೆ ತಾನು ಸವೆಸಿದ ಇಪ್ಪತ್ತೆರಡು ವರ್ಷವನ್ನು ಅವಳ ತಲೆಗೇರಿಸಿದ ಹಾಗೆ. ಹಿಂದೆ ಬರಿಗೈಯಲ್ಲಿ ಬರುತ್ತಿದ್ದ ಕೃಷ್ಣವ್ವ ಸೆರಗು ಬಾಯಿಗೊತ್ತಿ ಸದ್ದಿಲ್ಲದೆ ಉಸಿರಾಡುತ್ತಿದ್ದಳು. ರಾಯವ್ವ ಅದನ್ನೂ ನೋಡಿದಳು. ದಿಬ್ಬವೋ ಗುಡ್ಡವೋ ಎಂದು ಹೇಳದೆ ಚಹಾ ಕುಡಿದು ಊರಿಗೆ ಮರಳಿದಳು.

"ನನ್ನ ಮಾಪ ಕೆಟ್ಟೈತೋ ನೀಲಪ್ಪ," ಎಂದಳು. "ಹುಡಿಗಿನ್ನ ಕರಕೊಂಡು ಹೋಗೂಣು. ಆಕಿನ ಏರಿ ನೋಡ್ಲಿ."

ಲಗ್ನಕ್ಕೆ ಮೊದಲೇ ಹುಡುಗಿ ಗಂಡನ ಮನೆ ಏರಿದರೆ ಊರವರು ಉಗಿಯುತ್ತಾರೆ ಎಂದು ನೀಲಪ್ಪ ಕೂಗಾಡಿದ.

"ನಾಳೆ ಕೊಡ ಊರವರು ಹೊರತಾರೇನು?"

ನೀಲಪ್ಪ ಮುಖ ಊದಿಸಿಕೊಂಡೇ ಬಸ್ಸು ಹತ್ತಿದ.

ಎರಡನೆಯ ಸಲ ಸೋಮಪ್ಪನೂ ಇಸ್ತ್ರಿ ಅಂಗಿ ತೊಟ್ಟು ಕೆಳಗೆ ಬಂದಿದ್ದ. ಪದ್ಮವ್ವ ಯಾರ ಮುಖವನ್ನೂ ನೋಡದೆ ಕೊಡ ತುಂಬಿ, ಕಚ್ಚೆ ಬಿಗಿದು ಏರತೊಡಗಿದಳು. ಉಳಿದವರೆಲ್ಲ ಮೆರವಣಿಗೆಯಂತೆ ಹಿಂದೆ. ಬೇವಿನ ಗಿಡದ ಹತ್ತಿರ ಅವಳು ನಿಂತಳು. ಕೆಳಗೆ ಕಣ್ಣು ಹೋದಷ್ಟು ದೂರ ನೀರು, ಮೇಲೆ ಇನ್ನೂ ಅಷ್ಟೇ ದಾರಿ.

ಕೃಷ್ಣವ್ವನಿಗೆ ತಡೆಯಲಾಗಲಿಲ್ಲ. "ದಿಬ್ಬನ ಅಲ್ಲೇನವಾ?"

"ಇಲ್ರಿ ಅತ್ತಿ. ಗುಡ್ಡನ ಐತಿ."

ರಾಯವ್ವನ ಕಿವಿಗೆ ಗುಡ್ಡಕ್ಕಿಂತ ಮೊದಲು ‘ಅತ್ತಿ’ ಎಂಬ ಮಾತು ಬಿತ್ತು. ಸೋಮಪ್ಪನಿಗೂ ಬಿದ್ದಿರಬೇಕು, ಅವನು ಸುಮ್ಮಸುಮ್ಮನೆ ಬೇವಿನ ಎಲೆ ಹರಿಯತೊಡಗಿದ. ಕೃಷ್ಣವ್ವ ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟಳು. ಮೂರು ಸಂಬಂಧ ಈ ಏರು ನೋಡಿಯೇ ತಿರುಗಿ ಹೋಗಿದ್ದವಂತೆ. ಅಂದಿನಿಂದ ಬಂದವರಿಗೆಲ್ಲ ದಿಬ್ಬ ಎನ್ನುತ್ತಿದ್ದಳಂತೆ.

"ಹೌದವಾ, ಗುಡ್ಡನ ಐತಿ," ಎಂದಳು ಕಾಲು ಒತ್ತಿಕೊಳ್ಳುತ್ತ. "ದಿನಾ ನಾಕು ಕೊಡ. ಮಣಕಾಲು ಸತ್ತು ಹೋಗ್ಯಾವು."

ರಾಯವ್ವ ಸೋಮಪ್ಪನ ಕಡೆ ತಿರುಗಿದಳು. "ಅಷ್ಟು ದೊಡ್ಡ ಗೇಟು ಎತ್ತತೀಯಂತ, ತಮ್ಮಾ. ಮುಂಜಾನಿ ಎರಡು ಕೊಡ ನಿಂದು ಅಂದ್ರ ಹೂಂ ಅಂತೇನಿ. ಇಲ್ಲಂದ್ರ ನಮಗ ಬಸ್ಸಿನ ಹೊತ್ತಾತು."

ಸೋಮಪ್ಪ ತಾಯಿಯನ್ನು ನೋಡಿದ, ಮಾವನಾಗುವವನನ್ನು ನೋಡಿದ. ಗಂಡಸು ನೀರು ಹೊರುವುದು ಆ ಊರಲ್ಲಿ ಇರಲಿಲ್ಲ. ಆಮೇಲೆ ಪದ್ಮವ್ವನ ತಲೆಯಿಂದ ಕೊಡ ಇಳಿಸಿಕೊಂಡು ಹೆಗಲಿಗೇರಿಸಿದ. ಹತ್ತು ಹೆಜ್ಜೆ ಹೋಗುವುದರೊಳಗೆ ಇಸ್ತ್ರಿ ಅಂಗಿ ಪೂರ್ತಿ ತೊಯ್ದಿತ್ತು. ಪದ್ಮವ್ವ ಸೆರಗಿನೊಳಗೆ ನಕ್ಕಳು. ನೀಲಪ್ಪನ ಮುಖವೂ ಸಡಿಲಾಯಿತು.

ಹೊಸ್ತಿಲು ಮುಟ್ಟಿದ್ದು ಅರ್ಧ ಕೊಡ. ಲಗ್ನಕ್ಕೆ ಇನ್ನೂ ಎರಡು ತಿಂಗಳಿದೆ, ಅಷ್ಟರಲ್ಲಿ ಕಲಿತಾನು ಎಂದು ರಾಯವ್ವ ಚಹಾಕ್ಕೆ ಕುಳಿತಳು.